ಒಂದೇ ಕೈಗೆ ಇಬ್ಬರು ಗುರುಗಳು: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಸಂಬಂಧಪಟ್ಟ ವ್ಯಕ್ತಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂಬ ಕಾರಣಕ್ಕೆ ವಯಸ್ಸು, ಉದ್ಯೋಗ ಮತ್ತು ಕುಟುಂಬದ ವಿವರಗಳನ್ನು ಬದಲಿಸಿದ್ದೇನೆ. ಕಲಿಕೆಗೆ ಸಂಬಂಧಿಸಿದ ವಿವರಗಳನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಅವುಗಳನ್ನು ಬದಲಿಸಿದರೆ ಹೇಳಬೇಕಾದ ವಿಷಯವೇ ಕೈತಪ್ಪಿ ಹೋಗುತ್ತದೆ.

ಈಕೆಗೆ ಮೂವತ್ತರ ಆಸುಪಾಸಿನ ವಯಸ್ಸು, ದಿನವಿಡೀ ಕುಳಿತು ಮಾಡುವ ಕೆಲಸ. ರಾತ್ರಿ ನಿದ್ದೆ ಬರುತ್ತಿಲ್ಲ, ಕೆಲಸದಲ್ಲಿ ಗಮನ ನಿಲ್ಲುತ್ತಿಲ್ಲ, ಸಣ್ಣ ಮಾತಿಗೂ ಕಣ್ಣಲ್ಲಿ ನೀರು ಬರುತ್ತದೆ ಎಂಬ ದೂರಿನೊಂದಿಗೆ ಬಂದಿದ್ದರು. ಮೊದಲ ಭೇಟಿಯ ಮುಕ್ಕಾಲು ಪಾಲು ಉದ್ಯೋಗದ ಒತ್ತಡದ ಮಾತಿನಲ್ಲಿಯೇ ಕಳೆಯಿತು. ಹೊರಡುವ ಹೊತ್ತಿಗೆ, ಎದ್ದು ನಿಂತು ಚೀಲವನ್ನು ಹೆಗಲಿಗೇರಿಸಿಕೊಂಡ ಮೇಲೆ, "ಇನ್ನೊಂದು ವಿಷಯವಿದೆ, ಅದು ನಿಮ್ಮ ಹತ್ತಿರ ಕೇಳುವಂಥದ್ದೋ ಅಲ್ಲವೋ ಗೊತ್ತಿಲ್ಲ" ಎಂದು ತಡವರಿಸಿದರು. ಎಂಟು ತಿಂಗಳಿಂದ ಕರಾಟೆ ಕಲಿಯುತ್ತಿದ್ದಾರೆ. ಅದಕ್ಕೆ ಸೇರಿ ಎರಡು ತಿಂಗಳು ತುಂಬುವ ಮೊದಲೇ ಬಾಕ್ಸಿಂಗ್‌ಗೂ ಸೇರಿಕೊಂಡಿದ್ದಾರೆ. ವಾರಕ್ಕೆ ಮೂರು ಸಂಜೆ ಅದು, ಮೂರು ಸಂಜೆ ಇದು. "ಎರಡರಲ್ಲೂ ಏನೂ ಬಂದಿಲ್ಲ. ನನ್ನ ಜೊತೆ ಸೇರಿದವರೆಲ್ಲ ಮುಂದೆ ಹೋದರು. ಒಂದನ್ನು ಬಿಡಬೇಕು. ಯಾವುದನ್ನು ಬಿಡಲಿ, ಹೇಳಿ." ಬಾಗಿಲ ಬಳಿ ಹೊರಬೀಳುವ ಮಾತೇ ಎಷ್ಟೋ ಸಲ ಬಂದ ನಿಜವಾದ ಕಾರಣವಾಗಿರುತ್ತದೆ ಎಂಬುದು ಈ ವೃತ್ತಿಯಲ್ಲಿರುವವರಿಗೆಲ್ಲ ಗೊತ್ತು. ಮುಂದಿನ ಭೇಟಿಯನ್ನು ಅಲ್ಲಿಂದಲೇ ಆರಂಭಿಸೋಣ ಎಂದೆ.

ಆ ಎರಡನೆಯ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಕೇಳಿದ ಪ್ರಶ್ನೆಯನ್ನು ಅದು ಬಂದ ರೂಪದಲ್ಲಿಯೇ ಒಪ್ಪಿಕೊಂಡು, ಒಂದು ಹಾಳೆಯನ್ನು ಎರಡು ಭಾಗ ಮಾಡಿ, ಒಂದೊಂದು ಕಲೆಯ ಲಾಭ, ತೊಡಕು, ತಗಲುವ ಸಮಯ, ಇಷ್ಟವಾಗುವ ಅಂಶ ಎಂದು ಪಟ್ಟಿ ಬರೆಯಿಸಿದೆ. ಈಕೆ ಅಚ್ಚುಕಟ್ಟಾಗಿ ಬರೆದರು. ಎರಡು ಕಡೆಯೂ ಸಾಲುಗಳು ಸರಿಸಮನಾಗಿ ಬಂದವು, ಬಂದ ಗೊಂದಲದೊಂದಿಗೇ ಈಕೆ ಹಿಂದಿರುಗಿದರು. ಯಾವುದನ್ನು ಬಿಡಬೇಕು ಎಂದು ಕೇಳುವವರ ಬಳಿ, ಎರಡನೆಯದನ್ನು ಹಿಡಿದದ್ದು ಯಾವಾಗ ಮತ್ತು ಏಕೆ ಎಂದು ನಾನು ಮೊದಲು ಕೇಳಬೇಕಿತ್ತು. ಆ ಪ್ರಶ್ನೆಗೆ ಬರಲು ನನಗೆ ಇನ್ನೆರಡು ಭೇಟಿಗಳು ಬೇಕಾದವು.

ಮೂರನೆಯ ಭೇಟಿಯಲ್ಲಿ ಹಾಳೆಯನ್ನು ಬದಿಗಿಟ್ಟು, ಎರಡೂ ತರಗತಿಗಳಲ್ಲಿ ಮೊದಲು ಕಲಿಸಿದ ಗುದ್ದನ್ನು ತೋರಿಸಲು ಕೇಳಿಕೊಂಡೆ. ಕುರ್ಚಿಗಳನ್ನು ಸರಿಸಿದೆವು. ಕರಾಟೆಯದಕ್ಕೆ ಈಕೆ ಎಡಗಾಲನ್ನು ಉದ್ದಕ್ಕೆ ಮುಂದಿಟ್ಟು, ಆ ಮಂಡಿಯನ್ನು ಮಡಚಿ, ಹಿಂದಿನ ಕಾಲನ್ನು ನೆಟ್ಟಗೆ ಚಾಚಿ, ಅದರ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ನಿಂತರು. ಜೆಂಕುತ್ಸು ದಾಚಿ ಎನ್ನುವ ನಿಲುವು ಇದು. ಬಲಮುಷ್ಟಿ ಮುಂದೆ ಹೋಗುವಾಗ ಎಡಮುಷ್ಟಿ ಅಷ್ಟೇ ರಭಸದಿಂದ ಹಿಂದೆ ಸರಿದು ಸೊಂಟದ ಪಕ್ಕದಲ್ಲಿ ಬೆರಳಿನ ಬದಿ ಮೇಲಾಗಿ ನಿಲ್ಲಬೇಕು. ಆ ಹಿಂದೆಳೆತಕ್ಕೆ ಹಿಕಿತೆ ಎಂದು ಹೆಸರು. ಬಳಿಕ ಬಾಕ್ಸಿಂಗ್‌ನದು. ಕಾಲುಗಳು ಹತ್ತಿರ ಬಂದವು, ಹಿಂದಿನ ಹಿಮ್ಮಡಿ ನೆಲದಿಂದ ಎದ್ದಿತು, ಎರಡೂ ಮುಷ್ಟಿಗಳು ಕೆನ್ನೆಯ ಪಕ್ಕಕ್ಕೆ ಏರಿದವು. ಇಲ್ಲಿ ಗುದ್ದುವ ಕೈ ಹೋದ ದಾರಿಯಲ್ಲಿಯೇ ಗಲ್ಲಕ್ಕೆ ಹಿಂದಿರುಗಬೇಕು, ಇನ್ನೊಂದು ಕೈ ಕೆನ್ನೆಯನ್ನು ಬಿಟ್ಟು ಕದಲಲೇ ಬಾರದು.

ನಿಧಾನವಾಗಿ ಮಾಡಿದಾಗ ಎರಡೂ ಚೆನ್ನಾಗಿಯೇ ಇದ್ದವು. ಸ್ವಲ್ಪ ವೇಗವಾಗಿ, ಒಂದಾದ ಮೇಲೊಂದು ಮಾಡಿ ಎಂದೆ. ಐದನೆಯ ಗುದ್ದಿನ ಹೊತ್ತಿಗೆ ಎಡಗೈ ಸೊಂಟಕ್ಕೂ ಹೋಗದೆ ಕೆನ್ನೆಗೂ ಏರದೆ ಪಕ್ಕೆಲುಬಿನ ಮುಂದೆ, ಗಾಳಿಯಲ್ಲಿ, ನಿಂತುಬಿಟ್ಟಿತು. ಹಿಂದಿನ ಹಿಮ್ಮಡಿ ಅರ್ಧ ಎದ್ದು ಅರ್ಧ ಊರಿತ್ತು. ಈಕೆ ತಮ್ಮ ಕೈಯನ್ನೇ ದಿಟ್ಟಿಸಿ ನೋಡಿ, "ಇದೇ ನೋಡಿ" ಎಂದರು. ಹಿಂದಿನ ವಾರ ಕರಾಟೆ ಗುರುಗಳು ಆ ಕೈಯನ್ನು ಹಿಡಿದು ಸೊಂಟಕ್ಕೆ ಎಳೆದಿದ್ದರಂತೆ. ಮರುದಿನ ಬಾಕ್ಸಿಂಗ್ ಕೋಚ್ ಅದೇ ಕೈಯನ್ನು ಹಿಡಿದು ಕೆನ್ನೆಗೆ ಏರಿಸಿದ್ದರಂತೆ. ಈಕೆ ಇನ್ನೊಂದು ಕಡೆ ಕಲಿಯುತ್ತಿರುವುದು ಇಬ್ಬರಿಗೂ ತಿಳಿದಿರಲಿಲ್ಲ. ಹೇಳಿದರೆ ಬೇಸರ ಮಾಡಿಕೊಳ್ಳುತ್ತಾರೆ ಎಂದು ಆರು ತಿಂಗಳು ಮುಚ್ಚಿಟ್ಟಿದ್ದರು.

ಕೈ ಹಾಗೆ ನಿಂತದ್ದರ ಪರಿಣಾಮವನ್ನು ಈಕೆ ಆಮೇಲೆ, ದವಡೆಯನ್ನು ಮುಟ್ಟಿಕೊಳ್ಳುತ್ತ, ಬಹಳ ಹಗುರವಾಗಿ ಹೇಳಿದರು. ಮೂರು ವಾರಗಳ ಹಿಂದೆ ಸ್ಪಾರಿಂಗ್‌ನಲ್ಲಿ, ಅಂದರೆ ಜೊತೆಗಾರರೊಡನೆ ನಡೆಸುವ ಅಭ್ಯಾಸದ ಕಾದಾಟದಲ್ಲಿ, ಎಡಗೈ ಅಭ್ಯಾಸಬಲದಿಂದ ಸೊಂಟಕ್ಕೆ ಇಳಿದಾಗ ಎದುರಾಳಿಯ ಹೊಡೆತ ನೇರವಾಗಿ ದವಡೆಗೆ ಬಿದ್ದಿತ್ತು. ಆ ರಾತ್ರಿ ತಲೆ ಸಿಡಿಯುತ್ತಿತ್ತು, ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಮರುದಿನ ಕರಾಟೆ ತರಗತಿಗೆ ಹೋಗಿದ್ದಾರೆ. ಅಲ್ಲಿನ ಗುರುಗಳಿಗೆ ಪೆಟ್ಟಿನ ವಿಷಯ ಹೇಳಲು ಸಾಧ್ಯವಿರಲಿಲ್ಲ, ಏಕೆಂದರೆ ಹೇಳಬೇಕಾದರೆ ಬಾಕ್ಸಿಂಗ್ ವಿಷಯವನ್ನೇ ಹೇಳಬೇಕಾಗುತ್ತಿತ್ತು.

ಇಲ್ಲಿ ನಾನು ಸಲಹೆಗಾರರ ಎಂದಿನ ತಾಳ್ಮೆಯನ್ನು ಬದಿಗಿಟ್ಟೆ. ತಲೆಗೆ ಪೆಟ್ಟು ಬಿದ್ದ ಮೇಲೆ ತಲೆನೋವು, ತಲೆಸುತ್ತು, ವಾಕರಿಕೆ, ಮಂಕು, ಬೆಳಕಿನ ಅಸಹನೆ ಕಾಣಿಸಿಕೊಂಡರೆ ಅಂದೇ ಅಭ್ಯಾಸ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮೆದುಳು ಚೇತರಿಸಿಕೊಳ್ಳುವ ಮೊದಲು ಬೀಳುವ ಎರಡನೆಯ ಪೆಟ್ಟು ಮೊದಲನೆಯದಕ್ಕಿಂತ ಬಹಳ ಹೆಚ್ಚಿನ ಹಾನಿ ಮಾಡಬಲ್ಲದು. ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ನಿದ್ದೆ ಕೆಡುವುದು, ಗಮನ ನಿಲ್ಲದಿರುವುದು, ಕಾರಣವಿಲ್ಲದೆ ಅಳು ಬರುವುದು ಇವೆಲ್ಲ ಮನಸ್ಸಿನ ಒತ್ತಡದಿಂದಲೂ ಬರುತ್ತವೆ, ತಲೆಯ ಪೆಟ್ಟಿನಿಂದಲೂ ಬರುತ್ತವೆ. ಎರಡು ಭೇಟಿಗಳಲ್ಲಿ ನಾನು ಅದನ್ನು ಉದ್ಯೋಗದ ಒತ್ತಡವೆಂದೇ ಕೇಳಿಸಿಕೊಂಡಿದ್ದೆ. ಮುಂದಿನ ಮಾತುಕತೆಗೆ ಮೊದಲು ವೈದ್ಯರ ಪರೀಕ್ಷೆ ಆಗಲೇಬೇಕು ಎಂದು ಹೇಳಿ ಕಳುಹಿಸಿದೆ. ವೈದ್ಯರು ಪರೀಕ್ಷಿಸಿ, ಲಕ್ಷಣಗಳು ಪೂರ್ತಿ ಹೋಗುವವರೆಗೆ ಎರಡೂ ತರಗತಿಗಳು ಬೇಡ, ಆಮೇಲೆಯೂ ಹಂತಹಂತವಾಗಿಯೇ ಮರಳಬೇಕು ಎಂದರು. ನಿದ್ದೆಯ ತೊಂದರೆ ಪೆಟ್ಟಿಗೆ ಮೊದಲೇ ಸ್ವಲ್ಪ ಇತ್ತಾದ್ದರಿಂದ, ಯಾವುದರ ಪಾಲು ಎಷ್ಟು ಎಂದು ಬೇರ್ಪಡಿಸಲು ನಮಗೆ ಕೊನೆಗೂ ಆಗಲಿಲ್ಲ. ಆದರೆ ಒತ್ತಾಯದಿಂದ ಸಿಕ್ಕ ಆ ಕೆಲವು ವಾರಗಳ ಬಿಡುವು ಬೇರೆ ರೀತಿಯಲ್ಲಿ ಉಪಯೋಗಕ್ಕೆ ಬಂತು.

ಈಕೆಯ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿದ್ದ ನಂಬಿಕೆ, ತಾನು ದಡ್ಡಿ ಎಂಬುದು. ಆದ್ದರಿಂದ ಕೈ ಏಕೆ ನಡುದಾರಿಯಲ್ಲಿ ನಿಲ್ಲುತ್ತದೆ ಎಂಬುದನ್ನು ನಾನು ಸ್ವಲ್ಪ ವಿವರವಾಗಿಯೇ ಹೇಳಿದೆ. ದೇಹದ ಕೌಶಲವನ್ನು ಕಲಿಯುವಾಗ ಮನುಷ್ಯ ಮೂರು ಹಂತಗಳನ್ನು ದಾಟುತ್ತಾನೆ ಎಂದು ಪಾಲ್ ಫಿಟ್ಸ್ ಮತ್ತು ಮೈಕೆಲ್ ಪೋಸ್ನರ್ ಎಂಬ ಮನಶ್ಶಾಸ್ತ್ರಜ್ಞರು 1967ರಲ್ಲಿ ವಿವರಿಸಿದ್ದರು: ಮೊದಲು ಪ್ರತಿ ಚಲನೆಯನ್ನೂ ಯೋಚಿಸಿ ಮಾಡುವ ಹಂತ, ಅನಂತರ ತಪ್ಪುಗಳು ಕಡಿಮೆಯಾಗುತ್ತ ಚಲನೆಗಳು ಒಂದಕ್ಕೊಂದು ಹೊಂದಿಕೊಳ್ಳುವ ಹಂತ, ಕೊನೆಗೆ ಯೋಚನೆಯಿಲ್ಲದೆ ತಾನಾಗಿ ಆಗುವ ಹಂತ. ಈಕೆ ಎರಡೂ ಕಲೆಗಳಲ್ಲಿ ಮೊದಲ ಹಂತದಲ್ಲಿದ್ದರು. ಎದುರಿಗೆ ಒಬ್ಬ ವ್ಯಕ್ತಿ, ಚಾಚಬೇಕಾದ ಒಂದು ಮುಷ್ಟಿ, ಸನ್ನಿವೇಶ ಎರಡು ಕಡೆಯೂ ಒಂದೇ. ಆದರೆ ಇನ್ನೊಂದು ಕೈ ಎಲ್ಲಿರಬೇಕು ಎಂಬುದಕ್ಕೆ ಮಾತ್ರ ಎರಡು ವಿರುದ್ಧ ಉತ್ತರಗಳು. ಯೋಚಿಸಿ ಆರಿಸಿಕೊಳ್ಳಲು ವೇಳೆ ಇರುವಾಗ ತೊಂದರೆಯಿಲ್ಲ, ವೇಗ ಹೆಚ್ಚಿದ ಕೂಡಲೇ ಎರಡೂ ಉತ್ತರಗಳು ಒಟ್ಟಿಗೆ ಏಳುತ್ತವೆ. ಕರಾಟೆಯ ಜೊತೆ ಜೂಡೋ ಕಲಿಯುತ್ತಿದ್ದರೆ ಈ ಗೊಂದಲ ಇಷ್ಟು ತೀವ್ರವಾಗಿರುತ್ತಿರಲಿಲ್ಲ ಎಂದು ನನ್ನ ಅನಿಸಿಕೆ, ಏಕೆಂದರೆ ಜೂಡೋದಲ್ಲಿ ಕೈ ಎದುರಾಳಿಯ ಕೊರಳಪಟ್ಟಿಯನ್ನೂ ತೋಳನ್ನೂ ಹಿಡಿಯುತ್ತದೆ. ಆ ಹಿಡಿತ ಮತ್ತು ಆ ಸಾಮೀಪ್ಯವೇ ಇದು ಬೇರೆ ಆಟ ಎಂದು ದೇಹಕ್ಕೆ ನೆನಪು ಮಾಡಿಕೊಡುತ್ತವೆ. ಬಹಳ ಹೋಲುವ ಎರಡು ಕಲೆಗಳೇ ಹೊಸಬರನ್ನು ಹೆಚ್ಚು ಕಾಡುತ್ತವೆ.

ಬೆರೆಸಿ ಕಲಿಯುವುದು ಯಾವಾಗಲೂ ಕೆಟ್ಟದ್ದು ಎಂದು ಇದರ ಅರ್ಥವಲ್ಲ, ಇದನ್ನೂ ಈಕೆಗೆ ಹೇಳಿದೆ. 1979ರಲ್ಲಿ ಜಾನ್ ಶೇ ಮತ್ತು ರಾಬಿನ್ ಮಾರ್ಗನ್ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಕೈಚಲನೆಯ ಮೂರು ಬಗೆಗಳನ್ನು ಕಲಸಿ ಅಭ್ಯಾಸ ಮಾಡಿದವರು ಅಭ್ಯಾಸದ ವೇಳೆ ಹಿಂದೆ ಬಿದ್ದರೂ ಹತ್ತು ದಿನಗಳ ನಂತರ ಚೆನ್ನಾಗಿ ನೆನಪಿಟ್ಟುಕೊಂಡಿದ್ದರು. ಆದರೆ ಆ ಮೂರೂ ಒಂದೇ ಕೆಲಸದ ರೂಪಾಂತರಗಳು, ಒಂದು ಇನ್ನೊಂದನ್ನು ತಪ್ಪೆಂದು ಹೇಳುತ್ತಿರಲಿಲ್ಲ. ಇದಕ್ಕೆ ಎದುರಾಗಿ, 1996ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಒಂದು ಕೈಚಲನೆಯನ್ನು ಕಲಿತ ತಕ್ಷಣ ಅದಕ್ಕೆ ವಿರುದ್ಧವಾದದ್ದನ್ನು ಕಲಿಸಿದಾಗ ಮೊದಲ ಕಲಿಕೆ ಅಳಿಸಿಹೋಗುತ್ತಿತ್ತು, ನಡುವೆ ನಾಲ್ಕು ಗಂಟೆಗಳ ಅಂತರ ಕೊಟ್ಟಾಗ ಉಳಿಯುತ್ತಿತ್ತು. ಇವು ಪ್ರಯೋಗಾಲಯದ ಸಣ್ಣ ಚಲನೆಗಳು, ಸಮರಕಲೆಯ ತರಗತಿಗೆ ನೇರವಾಗಿ ಅನ್ವಯಿಸುವ ಅಳತೆಗೋಲಲ್ಲ. ಹೊಸದಾಗಿ ಕಲಿತದ್ದು ದೇಹದಲ್ಲಿ ಊರಲು ಸ್ವಲ್ಪ ಹೊತ್ತು ಬೇಕು ಎಂಬಷ್ಟನ್ನು ಅವುಗಳಿಂದ ತೆಗೆದುಕೊಂಡರೆ ಸಾಕು.

ಈ ವಿವರಣೆ ಈಕೆಯ ಮುಖದ ಬಿಗಿಯನ್ನು ಸ್ವಲ್ಪ ಸಡಿಲಿಸಿತು. ಕೂಡಲೇ ಒಂದು ವಾದವನ್ನೂ ಮುಂದಿಟ್ಟರು: ದೊಡ್ಡವರೆಲ್ಲ ಹಲವು ಕಲೆಗಳನ್ನು ಕಲಿತವರೇ ಅಲ್ಲವೇ? ಜೂಡೋ ಸ್ಥಾಪಿಸಿದ ಜಿಗೊರೊ ಕಾನೊ ಜಪಾನಿನ ಹಳೆಯ ಸಮರಕಲೆಯಾದ ಜುಜುತ್ಸುವಿನ ಎರಡು ಪಂಥಗಳನ್ನು ಅರಗಿಸಿಕೊಂಡಿದ್ದರು, ಶಿತೋ ರ್‍ಯು ಕರಾಟೆಯ ಕೆನ್ವಾ ಮಬುನಿ ತಮ್ಮ ಶೈಲಿಗೆ ಇಬ್ಬರು ಗುರುಗಳ ಹೆಸರಿನಿಂದ ಅಕ್ಷರಗಳನ್ನು ತೆಗೆದುಕೊಂಡಿದ್ದರು. ಮಾತು ನಿಜ. ಆದರೆ ಕಾನೊ 1877ರ ಸುಮಾರಿಗೆ ತೆಂಜಿನ್ ಶಿನ್ಯೊ ಪಂಥದಲ್ಲಿ ಆರಂಭಿಸಿ, ಅಲ್ಲಿ ಒಬ್ಬ ಗುರು ತೀರಿಕೊಂಡ ಮೇಲೆ ಇನ್ನೊಬ್ಬರ ಬಳಿ ಅದನ್ನೇ ಮುಂದುವರಿಸಿ, ಅವರೂ ತೀರಿಕೊಂಡ ಮೇಲೆ, 1881ರಲ್ಲಿ, ಕಿತೊ ಪಂಥಕ್ಕೆ ಬಂದವರು. ಮರುವರ್ಷ, 1882ರಲ್ಲಿ, ಅವರ ಜೂಡೋ ಶಾಲೆ ಕೊಡೊಕಾನ್ ಆರಂಭವಾಯಿತು. ಮಬುನಿ ಕೂಡ ಹುಡುಗನಾಗಿದ್ದಾಗ ಇತೊಸು ಅವರ ಬಳಿ ಸೇರಿ, ಕೆಲವು ವರ್ಷಗಳ ನಂತರವೇ ಹಿಗಾವೊನ್ನ ಅವರ ಬಳಿ ಹೋದವರು. ಎರಡನೆಯದಕ್ಕೆ ಕಾಲಿಡುವಾಗ ಅವರ ಕಾಲ ಕೆಳಗೆ ಮೊದಲನೆಯದರ ನೆಲ ಇತ್ತು. ಹೀಗೆಂದಾಗ ಈಕೆ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನು ಏಕೆ ಕಾಯಲಿಲ್ಲ?" ಎಂದು ತಾವೇ ಕೇಳಿಕೊಂಡರು. ನಾನು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಅದು.

ಉತ್ತರ ಈಕೆಯ ಅಭ್ಯಾಸದ ಪುಸ್ತಕದಲ್ಲಿತ್ತು. ಪ್ರತಿ ತರಗತಿಯ ದಿನಾಂಕ, ಅಂದು ಕಲಿಸಿದ್ದು, ಗುರುಗಳು ತಿದ್ದಿದ್ದು ಎಲ್ಲವನ್ನೂ ಸಣ್ಣ ಅಕ್ಷರಗಳಲ್ಲಿ ಬರೆದಿಡುವ ರೂಢಿ ಈಕೆಗಿತ್ತು. ನಾವಿಬ್ಬರೂ ಅದನ್ನು ಮೇಜಿನ ಮೇಲೆ ಹರಡಿ, ಗೈರುಹಾಜರಾದ ದಿನಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತ ಬಂದೆವು. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಈಕೆಯ ಪೆನ್ಸಿಲ್ ನಿಧಾನವಾಯಿತು. ಕರಾಟೆಯಲ್ಲಿ ಎಲ್ಲರೆದುರು ತಿದ್ದಿಸಿಕೊಂಡ ದಿನದ ನಂತರದ ಕರಾಟೆ ತರಗತಿ ಹೆಚ್ಚುಕಡಿಮೆ ಪ್ರತಿ ಸಲವೂ ತಪ್ಪಿತ್ತು. ಆ ವಾರ ಬಾಕ್ಸಿಂಗ್‌ಗೆ ಒಂದು ದಿನ ಹೆಚ್ಚೇ ಹೋಗಿದ್ದರು. ಬಾಕ್ಸಿಂಗ್‌ನಲ್ಲಿ ಕೈಸೋತ ಸಂಜೆಯ ನಂತರ ಇದೇ ಆಟ ತಿರುವುಮುರುವಾಗಿ ನಡೆದಿತ್ತು. ಕೊನೆಗೆ ಬಾಕ್ಸಿಂಗ್‌ಗೆ ಸೇರಿದ ದಿನಾಂಕವನ್ನು ಹುಡುಕಿದೆವು. ಅದರ ಹಿಂದಿನ ಸಂಜೆಯ ಟಿಪ್ಪಣಿ ಹೀಗಿತ್ತು: "ಹೇಯಾನ್ ಶೋದಾನ್ ಒಬ್ಬಳೇ ಮಾಡಿ ತೋರಿಸಲು ಹೇಳಿದರು. ಎರಡನೆಯ ತಿರುವು ಮರೆತು ನಿಂತೆ." ಹೊಸಬರಿಗೆ ಕಲಿಸುವ ಮೊದಲ ಕತಾಗಳಲ್ಲಿ, ಅಂದರೆ ನಿಗದಿತ ಕ್ರಮದಲ್ಲಿ ಮಾಡುವ ಚಲನೆಗಳ ಸರಣಿಗಳಲ್ಲಿ, ಒಂದು ಅದು. ಆ ಎರಡು ದಿನಾಂಕಗಳು ಪಕ್ಕಪಕ್ಕದಲ್ಲಿದ್ದುದನ್ನು ಈಕೆ ಅಲ್ಲಿಯವರೆಗೆ ಗಮನಿಸಿರಲೇ ಇಲ್ಲ.

ಅಂದು ಈಕೆ ಅತ್ತರು. ಈ ಅಳುವಿಗೆ ಕಾರಣವಿತ್ತು. ಶಾಲೆಯಲ್ಲಿ ಬೇಗ ಕಲಿಯುವ ಹುಡುಗಿ ಎಂದು ಹೆಸರು ಪಡೆದವರು, ಸಂಗೀತವನ್ನೂ ಈಜನ್ನೂ ಒಂದೊಂದು ತಿದ್ದುಪಡಿಯ ಮರುದಿನವೇ ಬಿಟ್ಟವರು. ಈ ಸಲ ಬಿಡಬಾರದೆಂದು ಹಟ ತೊಟ್ಟಿದ್ದರು, ಹಟ ಉಳಿಯಿತು ಕೂಡ. ಬಿಡುವ ಬದಲು ಪಕ್ಕದಲ್ಲಿ ಇನ್ನೊಂದನ್ನು ತೆರೆದುಕೊಂಡರು. ಒಂದರಲ್ಲಿ ಆದ ಮುಜುಗರಕ್ಕೆ ಇನ್ನೊಂದು ಆಸರೆ. ನನ್ನ ತಿಳಿವಳಿಕೆಯಲ್ಲಿ ಈ ಪ್ರಕರಣದ ತಿರುಳು ಇದೇ. ಎರಡು ಕಲೆಗಳನ್ನು ಒಟ್ಟಿಗೆ ಕಲಿಯುವುದರಲ್ಲಿ ದೋಷವಿರಲಿಲ್ಲ. ಎರಡರಲ್ಲಿ ಯಾವುದರಲ್ಲಿಯೂ ಹೊಸಬಳಾಗಿ ಪೂರ್ತಿ ನಿಲ್ಲದೆ ಇರಲು ಆ ಏರ್ಪಾಡು ಅವಕಾಶ ಮಾಡಿಕೊಡುತ್ತಿತ್ತು, ಸಂಕಟ ಅಲ್ಲಿಂದ ಬರುತ್ತಿತ್ತು. ಹೊಸಬರಾಗಿರುವುದೆಂದರೆ ನೋಡುವವರ ಎದುರು ತಪ್ಪುತ್ತಿರುವುದು. ದೊಡ್ಡವರಾದ ಮೇಲೆ ಅದು ಎಷ್ಟು ನೋಯಿಸುತ್ತದೆ ಎಂಬುದನ್ನು ಹಗುರವಾಗಿ ಕಾಣಬಾರದು.

ಇಷ್ಟಾದ ಮೇಲೆ ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಮುಂದಿನ ಆರು ತಿಂಗಳು ಒಂದೇ ಕಲೆ. ಯಾವುದು ಎಂಬುದನ್ನು ಈಕೆಯೇ ಆರಿಸಬೇಕು. ನಾನು ಆರಿಸಿದರೆ ಮೊದಲ ತಿದ್ದುಪಡಿಯ ದಿನ ಅದು ನನ್ನ ತಪ್ಪಾಗುತ್ತದೆ. ಇನ್ನೊಂದನ್ನು ಬಿಟ್ಟೆ ಎಂದುಕೊಳ್ಳದೆ, ಮುಂದಕ್ಕೆ ಹಾಕಿದೆ ಎಂದುಕೊಳ್ಳಬೇಕು. ಅದನ್ನು ಮತ್ತೆ ಯಾವಾಗ ಆರಂಭಿಸಬಹುದು ಎಂಬುದಕ್ಕೆ ತಿಂಗಳ ಲೆಕ್ಕಕ್ಕಿಂತ ಒಂದು ಸರಳ ಪರೀಕ್ಷೆ ಮೇಲು: ಜೊತೆಗಾರರೊಬ್ಬರು ಏನಾದರೂ ಮಾತನಾಡಿಸುತ್ತಿರುವಾಗ, ಅವರಿಗೆ ಉತ್ತರ ಕೊಡುತ್ತಲೇ, ಮೂಲಭೂತ ನಿಲುವು ಮತ್ತು ಗುದ್ದು ಕೆಡದೆ ಬರುತ್ತಿದ್ದರೆ ಕೈಗೆ ಇನ್ನು ಯೋಚನೆಯ ಆಸರೆ ಬೇಕಿಲ್ಲ. ಎರಡನೆಯದು ಮರಳಿ ಬಂದಾಗಲೂ ಎರಡನ್ನು ಒಂದೇ ದಿನ ಇಟ್ಟುಕೊಳ್ಳಬಾರದು, ವಾರಕ್ಕೆ ಕನಿಷ್ಠ ಒಂದು ದಿನ ದೇಹಕ್ಕೆ ಪೂರ್ತಿ ಬಿಡುವಿರಬೇಕು, ಒಂದು ಕಲೆ ಮುಖ್ಯವಾಗಿ ಇನ್ನೊಂದು ವಾರಕ್ಕೊಮ್ಮೆಯ ಅತಿಥಿಯಾಗಿರಬೇಕು. ಸ್ನಾಯುಗಳು ಬೇಗ ಬಲಗೊಂಡರೂ ಸ್ನಾಯುರಜ್ಜುಗಳು ನಿಧಾನವಾಗಿಯೇ ಹೊಂದಿಕೊಳ್ಳುತ್ತವೆ. ವಾರಕ್ಕೆ ಆರು ಸಂಜೆಯ ಅಭ್ಯಾಸ ಹೊಸಬರ ಮಣಿಕಟ್ಟು, ಭುಜ, ಮಂಡಿಗಳಿಗೆ ಮೊದಲಿನಿಂದಲೂ ಹೆಚ್ಚೇ ಆಗಿತ್ತು.

ಇವೆಲ್ಲಕ್ಕಿಂತ ನಾನು ಒತ್ತಿ ಹೇಳಿದ್ದು ಎರಡು. ತಿದ್ದಿಸಿಕೊಂಡ ದಿನದ ನಂತರದ ತರಗತಿಯನ್ನು ಏನೇ ಆದರೂ ತಪ್ಪಿಸಬಾರದು. ಬೇಕಾದರೆ ಅದರ ನಂತರದ್ದನ್ನು ತಪ್ಪಿಸಲಿ. ಮತ್ತು ಇಬ್ಬರು ಗುರುಗಳಿಗೂ ಇದ್ದದ್ದನ್ನು ಇದ್ದಂತೆ ಹೇಳಬೇಕು. ಶಿಷ್ಯರ ಕೈ ಏಕೆ ಮೇಲೇಳುತ್ತದೆ ಎಂದು ಗೊತ್ತಿಲ್ಲದ ಗುರು ತಿದ್ದಿದ್ದನ್ನೇ ತಿದ್ದುತ್ತಾರೆ. ಶಿಷ್ಯರ ತಲೆಗೆ ಹಿಂದಿನ ದಿನ ಪೆಟ್ಟು ಬಿದ್ದಿದೆ ಎಂದು ತಿಳಿಯದವರು ಅಪಾಯವನ್ನು ತಡೆಯಲಾರರು. ಹೇಳುವ ಮಾತುಗಳನ್ನು ನಾವು ಕೂಡಿಯೇ ಸಿದ್ಧಪಡಿಸಿದೆವು. ಈಕೆ ಬರೆದ ಮೊದಲ ರೂಪದಲ್ಲಿ ಕ್ಷಮೆ ಕೇಳುವ ಸಾಲುಗಳೇ ಐದಿದ್ದವು. ಒಂದನ್ನು ಉಳಿಸಿಕೊಂಡೆವು.

ಆತ್ಮರಕ್ಷಣೆಗಾಗಿ ಸೇರಿದವರಾದ್ದರಿಂದ ಬಾಕ್ಸಿಂಗ್ ಅನ್ನೇ ಆರಿಸುತ್ತಾರೆ ಎಂದು ನಾನು ಎಣಿಸಿದ್ದೆ. ಕರಾಟೆಯನ್ನು ಆರಿಸಿದರು. ಕಾರಣ ಕೇಳಿದಾಗ, "ಮೊದಲು ಓಡಿದ್ದು ಅಲ್ಲಿಂದ" ಎಂದರು. ಕರಾಟೆ ಗುರುಗಳು ವಿಷಯ ಕೇಳಿ, ಆ ಕೈಯ ಗುಟ್ಟು ಈಗ ತಿಳಿಯಿತು ಎಂದು ಅಲ್ಲೇ ನಿಂತು ಬಾಕ್ಸಿಂಗ್‌ನ ಗಾರ್ಡ್, ಅಂದರೆ ಮುಷ್ಟಿಗಳನ್ನು ಕೆನ್ನೆಯ ಪಕ್ಕ ಹಿಡಿಯುವ ನಿಲುವು, ಮಾಡಿ ತೋರಿಸಲು ಹೇಳಿ, ಎರಡೂ ಕಲೆಗಳಲ್ಲಿ ಸೊಂಟ ತಿರುಗುವ ಬಗೆ ಎಲ್ಲಿ ಕೂಡುತ್ತದೆ ಎಂದು ಹತ್ತು ನಿಮಿಷ ವಿವರಿಸಿದರಂತೆ. ಬಾಕ್ಸಿಂಗ್ ಕೋಚ್‌ಗೆ ನೋವಾಯಿತು, ಹೆಚ್ಚು ಮಾತನಾಡಲಿಲ್ಲ. ಆ ಮೌನವನ್ನು ಸಹಿಸಿಕೊಳ್ಳುವುದೇ ನಮ್ಮ ಮುಂದಿನ ಎರಡು ಭೇಟಿಗಳ ಕೆಲಸವಾಯಿತು. ಅಲ್ಲಿನ ಜೊತೆಗಾರರ ನೆನಪು ಈಕೆಗೆ ಈಗಲೂ ಬರುತ್ತದೆ, ಅದಕ್ಕೆ ನನ್ನಲ್ಲಿ ಪರಿಹಾರವಿರಲಿಲ್ಲ.

ಐದು ತಿಂಗಳ ನಂತರ ಮತ್ತೆ ಬಂದಾಗ ನಿದ್ದೆ ಸುಧಾರಿಸಿತ್ತು, ತಲೆನೋವು ಹೋಗಿತ್ತು. ಬಾಕ್ಸಿಂಗ್ ಮತ್ತೆ ಆರಂಭಿಸಬಹುದೇ ಎಂದು ಕೇಳಿದರು. ಮಾತನಾಡುತ್ತ ಗುದ್ದುವ ಪರೀಕ್ಷೆಯನ್ನು ನೆನಪಿಸಿದೆ. ಎದ್ದು ನಿಂತು ಜೆಂಕುತ್ಸು ದಾಚಿಯಲ್ಲಿ ಕಾಲೂರಿದರು. ನಾನು ಉದ್ಯೋಗದ ವಿಚಾರ ಕೇಳುತ್ತ ಹೋದೆ, ಅವರು ಉತ್ತರಿಸುತ್ತ ಹೋದರು. ಕೈ ಪ್ರತಿ ಸಲವೂ ಸೊಂಟಕ್ಕೆ ಹೋಗಿ ನಿಂತಿತು. ಹಿಂದಿನ ಹಿಮ್ಮಡಿ ಮಾತ್ರ ಮೂರನೆಯ ಪ್ರಶ್ನೆಗೆ ಎದ್ದಿತು. ಅದನ್ನು ಮೊದಲು ಕಂಡವರು ಈಕೆಯೇ, "ಇನ್ನೂ ಆಗಿಲ್ಲ" ಎಂದು ಕುಳಿತುಕೊಂಡರು. ಚೀಲದಿಂದ ಪುಸ್ತಕ ತೆಗೆದು ಹಿಂದಿನ ವಾರದ ಪುಟ ತೋರಿಸಿದರು: ಸೋಮವಾರದ ಸಾಲಿನಲ್ಲಿ "ಹಿಮ್ಮಡಿ ಏಳುತ್ತಿದೆ ಎಂದು ಎಲ್ಲರೆದುರು ಹೇಳಿದರು" ಎಂದಿತ್ತು, ಅದರ ಕೆಳಗೆ ಬುಧವಾರದ ದಿನಾಂಕ ಮತ್ತು ಅಂದು ಕಲಿಸಿದ ಪಾಠ.